ಮಾರಿಷಸ್ಸಿಗೆ ಒಯ್ದ ರೊಟ್ಟಿ ಹಂಚು

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು "ಏನೇನ್ ನೋಡಿದ್ರಿ?" ಎಂದಲ್ಲ, "ಊಟಕ್ಕ ಏನ್ ಮಾಡಿದ್ರಿ?" ಎಂದು. ರಜೆ ಮುಗಿಸಿ ನಾನು ಹುಕ್ಕೇರಿಯ ತಾಲೂಕು ಕಚೇರಿಗೆ ಹಾಜರಾದ ದಿನ ಹನ್ನೊಂದರ ಚಹಾ ಬರುವಷ್ಟರಲ್ಲಿ ಐದಾರು ಜನ ಇದನ್ನೇ ಕೇಳಿದರು. ಮಾರಿಷಸ್ಸಿನ ಸಮುದ್ರ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಹಾಗಾಗಿ ಇಲ್ಲಿ ಸಮುದ್ರ ಕಡಿಮೆ, ಊಟ ಹೆಚ್ಚು. ಸಮುದ್ರವೇ ಬೇಕೆನ್ನುವವರು ನಮ್ಮ ಮನೆಗೆ ಬಂದರೆ ಫೋಟೊ ತೋರಿಸುತ್ತೇನೆ.

ಹೊರಡುವ ಮೊದಲು: ಹುಕ್ಕೇರಿ

ನಾವು ಹೋದದ್ದೇ ಕಸ್ತೂರಿ ಅಕ್ಕನ ಕೈಗಾಗಿ. ಅಕ್ಕ ಎಂದರೆ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಕೌಜಲಗಿಯಿಂದ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು. ಬಂದ ಮರುದಿನ ಮುಟ್ಟಿದ ಜೋಳದ ಹಿಟ್ಟನ್ನು ಇನ್ನೂ ಬಿಟ್ಟಿಲ್ಲ. ನಮ್ಮದು ತಾಲೂಕು ಊರಿನ ಮನೆ. ಬೆಲ್ಲದ ಬಾಗೇವಾಡಿಯಿಂದ ಕಚೇರಿ ಕೆಲಸಕ್ಕೆ ಬಂದವರು, ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಒಂದು ತುತ್ತು ಉಂಡೇ ಹೋಗಬೇಕು. ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ದಾಸೋಹ ಅನ್ನುವ ಮಾತು ಯಾಕೆ ಆಡಬೇಕು ಎಂದು ನಮ್ಮ ಅತ್ತೆ ಕೇಳುತ್ತಾರೆ. ಮಾತು ಸರಿಯೇ. ಆದರೆ ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೈ ಒಬ್ಬಳದು, ಬಾಯಿ ಊರಿನದು. ನಾನು ಒಂಬತ್ತೂವರೆಗೆ ಡಬ್ಬಿ ಹಿಡಿದು ಕಚೇರಿಗೆ ಹೊರಡುವವಳು, ಆ ಡಬ್ಬಿ ಕಟ್ಟುವವಳೂ ಅಕ್ಕನೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಕಳೆದ ಚಳಿಗಾಲದಿಂದ ಅವಳ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ನೀರಿನ ಲೋಟ ಕೈಯಿಂದ ಜಾರುತ್ತಿತ್ತು. ಬೆಳಗಾವಿಯ ಡಾಕ್ಟರು ನೋಡಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಎರಡು ತಿಂಗಳು ರೊಟ್ಟಿ ಬಡಿಯಬಾರದು, ಬಡಿದರೆ ಬೆರಳುಗಳ ಬಲವೇ ಹೋದೀತು ಎಂದು ಎಚ್ಚರಿಸಿದರು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಮನೆಗೆ ಬಂದು ಸೀರೆ ಬದಲಿಸಿ ಹಿಟ್ಟು ನಾದಲು ಕುಳಿತಳು.

"ಅಕ್ಕಾ, ಡಾಕ್ಟರ್ ಏನ್ ಹೇಳಿದ್ರು?" ಎಂದೆ.

"ಹೊರಗ ನಾಕ್ ಮಂದಿ ಕುಂತಾರ. ಅವರಿಗೆ ಡಾಕ್ಟರ್ ಚೀಟಿ ಬಡಸ್ಲೇನ?" ಎಂದಳು.

ಅವಳನ್ನು ಒಲೆಯಿಂದ ಎಬ್ಬಿಸಬೇಕಾದರೆ ಊರೇ ಬಿಡಿಸಬೇಕು ಎಂದು ನನಗೂ ನಮ್ಮವರಿಗೂ ಅಂದೇ ಅನ್ನಿಸಿತು. ನಮ್ಮವರಿಗೆ ಗೋಕಾಕದಲ್ಲಿ ಪಂಪ್‌ಸೆಟ್ ಅಂಗಡಿ. ಬೇಸಿಗೆ ಕಳೆಯುತ್ತ ಬಂದಂತೆ ವ್ಯಾಪಾರ ತಣ್ಣಗಾಗಿತ್ತು. ಭಾವನವರ ಕಬ್ಬಿನ ಕಟಾವೂ ಮುಗಿದಿತ್ತು. ಮಕ್ಕಳೆಲ್ಲ ಹಾಸ್ಟೆಲ್ಲಿನಲ್ಲಿ. ಮಾರಿಷಸ್ಸಿಗೆ ಹೋಗುವುದು ಎಂದು ನಿಶ್ಚಯವಾಯಿತು. ಉಳಿದದ್ದು ಅತ್ತೆ. ಅವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಪೂಜೆಯಾಗದೆ ಉಣ್ಣುವುದಿಲ್ಲ, ಮಾಂಸ ಬೆಂದ ಪಾತ್ರೆಯ ಅಡುಗೆ ಮುಟ್ಟುವುದಿಲ್ಲ.

"ಹೋಟೆಲ್ದಾಗ ಉಣ್ಣೂದಾದ್ರ ನಾ ಬರೂದಿಲ್ಲ. ನೀವ್ ಹೋಗಿ ಬರ್ರಿ, ನಾ ಮೂಡಲಗಿಗೆ ತಂಗಿ ಮನಿಗೆ ಹೋಗ್ತೇನಿ" ಎಂದರು.

ಅತ್ತೆ ಬಾರದಿದ್ದರೆ ಅಕ್ಕ ಬರುವುದಿಲ್ಲ. ಅಕ್ಕ ಬಾರದಿದ್ದರೆ ನಾವು ಹೋಗುವುದು ಯಾತಕ್ಕೆ? ಆಗ ನಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ, ಸಮುದ್ರದ ಹತ್ತಿರ ಅಡುಗೆಮನೆ ಇರುವ ಒಂದು ಪುಟ್ಟ ಬಂಗಲೆಯನ್ನು ಏಳು ದಿನಕ್ಕೆ ಹಿಡಿದೆ. ಹಂಚು, ಕುಕ್ಕರು, ಪಾತ್ರೆ, ಜೋಳದ ಹಿಟ್ಟು ಎಲ್ಲ ನಮ್ಮವೇ ಒಯ್ಯುವುದು. "ಅಡಗಿ ನಾ ಮಾಡ್ತೇನಿ. ಅಕ್ಕ ಕೈ ಹಚ್ಚಂಗಿಲ್ಲ" ಎಂದು ಎಲ್ಲರ ಮುಂದೆ ಹೇಳಿದೆ. ಎಲ್ಲರೂ ಒಪ್ಪಿದರು. ನನ್ನ ಅಡುಗೆ ಉಂಡು ಬಲ್ಲವರು ಯಾರೂ ನಂಬಿದಂತೆ ಕಾಣಲಿಲ್ಲ.

ಮೊದಲ ದಿನ: ಕಸ್ಟಮ್ಸ್ ಮೇಜು

ಮುಂಬೈಯಿಂದ ಆರು ತಾಸು ಹಾರಿ ಇಳಿದೆವು. ಅಲ್ಲಿನ ಕಸ್ಟಮ್ಸ್ ಅಧಿಕಾರಿ ನಮ್ಮ ಚೀಲ ಬಿಚ್ಚಿದ. ಮೊದಲು ಕಬ್ಬಿಣದ ಹಂಚು ಬಂತು, ಆಮೇಲೆ ಕುಕ್ಕರು, ಆಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ್ದ ಐವತ್ತು ಕಡಕ್ ರೊಟ್ಟಿ. ಅವನು ಒಂದು ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಶೇಂಗಾ ಚಟ್ನಿಯ ಡಬ್ಬಿ ಮೂಸಿ ಎರಡು ಸಲ ಸೀನಿದ.

"ಮದುವೆಗೆ ಬಂದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದ.

"ಇಲ್ಲ, ವಿಶ್ರಾಂತಿಗೆ" ಎಂದೆ.

ಅವನು ಹಂಚಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಹಸಿ ಕರಿಬೇವು, ಹಸಿಮೆಣಸಿನಕಾಯಿ ಒಳಗೆ ಬಿಡುವಂತಿಲ್ಲ ಎಂದು ತೆಗೆದಿಟ್ಟುಕೊಂಡು, ಉಳಿದದ್ದನ್ನು ಕಟ್ಟಿಕೊಳ್ಳಲು ಹೇಳಿದ. ಬಿಟ್ಟನಲ್ಲ ಎಂದು ನಾವು ಬೇಗ ಬೇಗ ಕಟ್ಟಿದೆವು. ಗೋಕಾಕದ ಕರದಂಟಿನ ಪೊಟ್ಟಣ ತೆಗೆದು ಅತ್ತೆ ಅವನಿಗೆ ಒಂದು ತುಂಡು ಕೊಡಲು ಹೋದರು. ನಮ್ಮವರು ಅವರ ಕೈ ಹಿಡಿದು ಮುಂದೆ ನಡೆಸಿದರು.

ಬಂಗಲೆಯಲ್ಲಿ ಕೀಲಿಕೈ ಹಿಡಿದು ಒಬ್ಬಾಕೆ ನಿಂತಿದ್ದಳು. ನಲವತ್ತೈದರ ಹತ್ತಿರದ ವಯಸ್ಸು, ಹೂವಿನ ಫ್ರಾಕು, ಕೊರಳಲ್ಲಿ ಕರಿಮಣಿ. ಹೆಸರು ಸರಸ್ಪತಿ. ಸರಸ್ವತಿಯೇ ಸಮುದ್ರ ದಾಟುವಾಗ ಹಾಗಾಗಿದ್ದಳು. ಅವಳ ಅಜ್ಜಿಯ ಅಜ್ಜಿ ಮಹಾರಾಷ್ಟ್ರದ ಕಡೆಯಿಂದ ಕಬ್ಬಿನ ಕೂಲಿಗೆ ಹಡಗಿನಲ್ಲಿ ಬಂದವಳಂತೆ. ಅವಳದು ಹಿಂದಿ, ಭೋಜಪುರಿ, ಅಲ್ಲಲ್ಲಿ ಒಂದು ಮರಾಠಿ ಪದ. ನಮ್ಮದು ಬೆಳಗಾವಿ ಮರಾಠಿ. ಹೇಗೋ ನಡೆಯುತ್ತಿತ್ತು. ಅವಳ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಲ್ಲಿ, ದೀಪ, ಒಲೆ ತೋರಿಸಿ, "ನಾಳೆ ಬರುತ್ತೇನೆ" ಎಂದು ಹೋದಳು. ಮನೆ ಮಾಲೀಕರ ಕಡೆಯವಳಿರಬೇಕು ಅಂದುಕೊಂಡೆವು.

ಎರಡನೆಯ ದಿನ: ಗಾಜಿನ ಒಲೆ

ಒಯ್ದ ಕಡಕ್ ರೊಟ್ಟಿಯಲ್ಲಿ ಅರ್ಧ ಪುಡಿಯಾಗಿ, ಉಳಿದರ್ಧ ಮೊದಲ ರಾತ್ರಿಯೇ ಮುಗಿದಿತ್ತು. ಒಲೆ ಎಂದರೆ ಒಂದು ಕರಿ ಗಾಜಿನ ಹಲಗೆ. ಬೆಂಕಿ ಕಾಣುವುದಿಲ್ಲ, ಬೂದಿ ಇಲ್ಲ, ಸದ್ದಿಲ್ಲ. ಹಂಚು ಕಾದಿದೆಯೋ ಇಲ್ಲವೋ ತಿಳಿಯಲು ನಾನು ಬೆರಳಿಟ್ಟು ನೋಡಿದೆ, ತಿಳಿಯಿತು. ಬೆರಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ಮೊದಲ ರೊಟ್ಟಿ ಹಾಕಿದೆ. ಅದು ಮೂರು ತುಂಡಾಯಿತು. ಎರಡನೆಯದಕ್ಕೆ ನಡುವೆ ತೂತು ಬಿತ್ತು.

"ತಂಗೀ, ಇದು ಯಾವ ಜಿಲ್ಲಾದ ನಕಾಶೆವಾ?" ಎಂದು ಭಾವ ತಟ್ಟೆ ತಿರುಗಿಸಿ ಕೇಳಿದರು.

ಅತ್ತೆ ನೀರಿನ ಜೊತೆ ನುಂಗಿದರು. ಅದು ಇನ್ನೂ ಕಷ್ಟ. ಮೂರನೆಯ ರೊಟ್ಟಿಗೆ ಅಕ್ಕ ಎದ್ದು ಬಂದಳು.

"ಸರೀ ಆ ಕಡೆ. ಹಿಟ್ಟು ಅಳಾಕತ್ತೈತಿ."

"ಅಕ್ಕಾ, ನೀ ಕುಂದರು. ಮಾತು ಕೊಟ್ಟೇನಿ ನಾ."

"ಮಾತು ಕೊಟ್ಟಾಕಿ ನೀ. ಉಪಾಸ ಬೀಳಾವ್ರು ಅವ್ರು." ಎಡಗೈಯಿಂದ ಬಡಿಯತೊಡಗಿದಳು. ನಾಲ್ಕು ರೊಟ್ಟಿಯಾಗುವಷ್ಟರಲ್ಲಿ ಬಲಗೈಯೂ ತಾನೇ ಬಂದು ಸೇರಿಕೊಂಡಿತು. ನಾನು ಬಾಜೂ ನಿಂತು ನೋಡಿದೆ, ತಡೆಯಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಹಸಿವಾಗಿತ್ತು.

ಅಷ್ಟರಲ್ಲಿ ಪಕ್ಕದ ಬಂಗಲೆಯ ಬಿಳಿಯ ಅಜ್ಜ ಬಾಗಿಲಿಗೆ ಬಂದ. ಬೆಳಗಿನಿಂದ ಯಾರು ಗೋಡೆ ರಿಪೇರಿ ಮಾಡುತ್ತಿದ್ದಾರೆ ಎಂದು ಕೇಳಲು ಬಂದಿದ್ದ. ರೊಟ್ಟಿ ಬಡಿಯುವುದನ್ನು ಅಕ್ಕ ತೋರಿಸಿದಳು. ಬಾಗಿಲಿಗೆ ಬಂದವನು ಬರಿಗೈಲಿ ಹೋಗುವಂತಿಲ್ಲವಲ್ಲ. ಅತ್ತೆ ಅವನ ಕೈಗೂ ಒಂದು ರೊಟ್ಟಿ, ಚಟ್ನಿ ಇಟ್ಟರು. ಅವನು ಚಟ್ನಿಯನ್ನು ಚಮಚದಲ್ಲಿ ತಿಂದು, ಕಣ್ಣೊರೆಸಿಕೊಂಡು, ಕೈಕುಲುಕಿ ಹೋದ.

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಸರಸ್ಪತಿ ಬಂದಳು. ನೇರವಾಗಿ ಅಡುಗೆಮನೆಗೆ ಹೋಗಿ ಸೌಟಿಗೆ ಕೈ ಹಾಕಿದಳು. ಅತ್ತೆ ನಗುತ್ತ ಸೌಟು ಇಸಿದುಕೊಂಡರು. "ಉಣ್ಣೂ ಹೊತ್ತಿಗೆ ಬಂದೀ ಯವ್ವಾ, ಪುಣ್ಯವಂತಿ. ಕುಂದರು." ಅವಳನ್ನು ಕೂರಿಸಿದೆವು, ಬಡಿಸಿದೆವು, ಬೇಡ ಬೇಡ ಎಂದರೂ ಎರಡು ರೊಟ್ಟಿ ಹೆಚ್ಚು ಹಾಕಿದೆವು. ತಟ್ಟೆ ಎತ್ತಿಕೊಂಡು ತೊಳೆಯಲು ಹೋದವಳ ಕೈಯಿಂದ ಅಕ್ಕ ತಟ್ಟೆ ಕಿತ್ತುಕೊಂಡಳು. ಬಂದವರ ಕೈಲಿ ತಟ್ಟೆ ತೊಳೆಸುವುದುಂಟೇ! ಸರಸ್ಪತಿ ಅಂಗಳಕ್ಕೆ ಹೋಗಿ ಗುಡಿಸಿದ್ದನ್ನೇ ಗುಡಿಸಿ ಹೋದಳು.

ಮೂರನೆಯ ದಿನ: ಕಬ್ಬಿನ ನಡುವಿನ ಕಲ್ಲು

ಬಾಡಿಗೆ ಕಾರಿನಲ್ಲಿ ಜಲಪಾತ ನೋಡಲು ಹೊರಟೆವು. ಹೊರಡಬೇಕಾದರೆ ಬುತ್ತಿ ಬೇಕು. ಬುತ್ತಿಗೆ ಅಕ್ಕ ಐದಕ್ಕೇ ಎದ್ದಿದ್ದಳು.

ದಾರಿಯ ಎರಡೂ ಕಡೆ ಕಬ್ಬು. ಐದು ಸಾವಿರ ಕಿಲೋಮೀಟರು ಹಾರಿ ಹೋದರೂ ಇರುವುದು ಕಬ್ಬೇ? ನಮ್ಮಲ್ಲಿ ಗದ್ದೆ ಬೋಳಾಗಿದ್ದಾಗ ಅಲ್ಲಿ ಆಳೆತ್ತರ ಬೆಳೆದು ಸೂಲಂಗಿ ಹೂ ತೂಗುತ್ತಿತ್ತು. ಭಾವ ಮೂರು ಕಡೆ ಕಾರು ನಿಲ್ಲಿಸಿದರು. ಇಳಿದು ಗಣ್ಣು ಎಣಿಸಿದರು, ಮಣ್ಣು ಹಿಸುಕಿದರು. ಹೊಲಗಳ ನಡುವೆ ಅಲ್ಲಲ್ಲಿ ಮನೆಯೆತ್ತರಕ್ಕೆ ಒಟ್ಟಿದ ಕರಿಕಲ್ಲಿನ ರಾಶಿಗಳಿದ್ದವು. ಅವುಗಳ ಮುಂದೆ ಮಾತ್ರ ಭಾವ ಸುಮ್ಮನೆ ನಿಂತರು.

"ಇಷ್ಟು ಕಲ್ಲ ಕೈಯಾಗ ಆರಿಸ್ಯಾರ. ಆ ಹೆಣ್ಮಗಳ ಮುತ್ಯಾ-ಅಮ್ಮಂದ್ರ ಇರಬೇಕು" ಎಂದರು. ಸರಸ್ಪತಿಯ ಹಿರಿಯರನ್ನು ಕುರಿತ ಮಾತದು.

ಜಲಪಾತ ಚೆಂದವಿತ್ತು. ಎತ್ತರ ಇತ್ತು, ಹಸಿರಿತ್ತು. ಆದರೆ ಮಳೆಗಾಲದಲ್ಲಿ ಗೋಕಾಕದ ತೂಗುಸೇತುವೆ ಮೇಲೆ ನಿಂತು ಎದೆ ನಡುಗಿಸಿಕೊಂಡವರಿಗೆ ಅದು ಮನೆಯ ನಲ್ಲಿ ಜೋರಾಗಿ ಬಿಟ್ಟಂತೆ. "ನಮ್ದರ ಮುಂದ ಇದು ಸಣ್ಣದಾತು" ಎಂದು ನಮ್ಮವರು ಗಟ್ಟಿಯಾಗಿ ಹೇಳಿದರು. ಅಲ್ಲಿ ಕನ್ನಡ ಬಲ್ಲವರು ಇರಲಿಲ್ಲ, ಪುಣ್ಯ.

ನಾವೆಲ್ಲ ಫೋಟೊ ತೆಗೆಸಿಕೊಳ್ಳುವಾಗ ಅಕ್ಕ ಹಿಂದೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಕರೆಯಲು ಹೋದೆ. ಬುತ್ತಿಯ ಗಂಟು ಬಿಚ್ಚಲು ಪ್ರಯತ್ನಿಸುತ್ತಿದ್ದಳು. ಬೆರಳು ಹಿಡಿತಕ್ಕೆ ಬರುತ್ತಿರಲಿಲ್ಲ. ನಾನು ನೋಡುತ್ತಿರುವುದು ಗೊತ್ತಿಲ್ಲದೆ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದಳು.

ನನಗೆ ಅಳು ಬಂತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಯಾವ ಒಲೆ ಬಿಡಿಸಲು ಅವಳನ್ನು ಸಮುದ್ರ ದಾಟಿಸಿದೆನೋ ಅದೇ ಒಲೆಯನ್ನು ಬಾಡಿಗೆಗೆ ಹಿಡಿದು ಅವಳ ಮುಂದಿಟ್ಟಿದ್ದೆ. ಊರಲ್ಲಾದರೆ ಹಿಟ್ಟು ಬೀಸಲು ಗಿರಣಿ, ಕಸಮುಸುರೆಗೆ ಯಲ್ಲವ್ವ ಇದ್ದಳು. ಇಲ್ಲಿ ಅದೂ ಇಲ್ಲ. ಭಾವ, ನಮ್ಮವರು ವರಾಂಡದಲ್ಲಿ ಕಾಲು ಚಾಚಿ ಎರಡು ತಾಸಿಗೊಮ್ಮೆ "ಚಾ ಆತೇನವಾ?" ಎನ್ನುತ್ತಿದ್ದರು. ಅವರ ರಜೆ ಮಾತ್ರ ಚೆನ್ನಾಗಿ ನಡೆದಿತ್ತು.

ನಾಲ್ಕನೆಯ ದಿನ: ಹಿಂಬಾಗಿಲು

ಮರುದಿನ ಮಧ್ಯಾಹ್ನ ಸರಸ್ಪತಿ ಬಂದಳು. "ಬಾ ಯವ್ವಾ, ಕುಂದರು" ಎಂದು ಅತ್ತೆ ಎಂದಿನಂತೆ ಚಾಪೆ ತೋರಿಸಿದರು. ಅವಳು ಕೂರಲಿಲ್ಲ. ಹಿಂಬಾಗಿಲಿನ ಹೊಸ್ತಿಲ ಆಚೆಯೇ ನಿಂತಳು. ಕಣ್ಣು ತುಂಬಿದ್ದವು.

"ನಾನು ಏನು ತಪ್ಪು ಮಾಡಿದೆ?" ಎಂದಳು. "ನನ್ನನ್ನು ಒಲೆ ಮುಟ್ಟಲು ಬಿಡುವುದಿಲ್ಲ, ಒಂದು ಬಟ್ಟಲು ತೊಳೆಯಲು ಬಿಡುವುದಿಲ್ಲ. ಈ ಮನೆಯಲ್ಲಿ ಅಡುಗೆ ಮಾಡುವುದು ನನ್ನ ಕೆಲಸ. ನಾಳೆ ಮಾಲೀಕರು ಕೇಳಿದರೆ ಏನು ಹೇಳಲಿ?" ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. "ನಮ್ಮ ಅಜ್ಜಿ ಹೇಳುತ್ತಿದ್ದಳು, ನಮ್ಮ ಹಿರಿಯರು ಬಿಟ್ಟು ಬಂದ ಊರಿನಲ್ಲಿ ನಮ್ಮ ಕೈ ನೀರು ಕೆಲವರಿಗೆ ನಡೆಯುತ್ತಿರಲಿಲ್ಲವಂತೆ. ನಿಮಗೂ ನಡೆಯುವುದಿಲ್ಲವೇ?"

ನಾನು ಓಡಿಹೋಗಿ ಬಾಡಿಗೆ ಕಾಗದ ತಂದೆ. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ದಿನಕ್ಕೆ ಐದು ತಾಸು, ಸ್ವಚ್ಛತೆ ಮತ್ತು ಅಡುಗೆಗೆ ಒಬ್ಬ ಹೆಣ್ಣುಮಗಳು, ಬಾಡಿಗೆಯಲ್ಲೇ ಸೇರಿದೆ. ಹಾಳೆ ತಿರುವದೆ ಸಹಿ ಮಾಡಬೇಡಿರಿ ಎಂದು ದಿನಾ ಕಚೇರಿಯಲ್ಲಿ ರೈತರಿಗೆ ಗದರುವವಳು ನಾನು! ನನ್ನ ಕಣ್ಣು ಮೊದಲ ಪುಟದ ಸಮುದ್ರದ ಚಿತ್ರ ದಾಟಿ ಮುಂದೆ ಹೋಗಿರಲಿಲ್ಲ. ಕೆಲಸಕ್ಕೆ ಬಂದವಳನ್ನು ಮೂರು ದಿನ ನೆಂಟಳನ್ನಾಗಿ ಮಾಡಿ, ಅವಳ ಪಾಲಿನ ರೊಟ್ಟಿಯನ್ನೂ ಅಕ್ಕನ ಕೈಯಿಂದಲೇ ಬಡಿಸಿದ್ದೆವು.

ಅವಳ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ, ಕೊನೆಯ ಪ್ರಶ್ನೆಯನ್ನೂ ಬಿಡದೆ. ಅತ್ತೆಯ ಮುಖ ಸಣ್ಣದಾಯಿತು.

"ಹಂಗಲ್ಲಂತ ಹೇಳವಾ ಆಕಿಗೆ. ನಮ್ಮ ಧರ್ಮದಾಗ ಜಾತಿ ಕೇಳೂದಿಲ್ಲಂತ ಹೇಳು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು. "ತಡಿ. ಬಂದವ್ರು ನೆಂಟ್ರು ಅನ್ಕೊಂಡದ್ದು ಖರೆ. ಆದ್ರ ಬ್ಯಾರೇದವ್ರು ಒಲಿ ಹತ್ರ ಬರೂದು ಬ್ಯಾಡ ಅಂತ ನನ್ನ ಹೊಟ್ಟ್ಯಾಗೂ ಇತ್ತು. ಅದನ್ನ ಬಿಟ್ಟು ಹೇಳಿದ್ರ ಸುಳ್ಳಾಗತೈತಿ. ಎರಡೂ ಹೇಳು."

ಎರಡನ್ನೂ ಹೇಳಿದೆ. ಸರಸ್ಪತಿ ನೆಲ ನೋಡುತ್ತ ಕೇಳಿದಳು. ಅತ್ತೆ ಎದ್ದು ಹೊಸ್ತಿಲ ತನಕ ಹೋಗಿ ಅವಳ ಮುಂಗೈ ಹಿಡಿದರು.

"ನಾಳೆ ನೀನ ಮಾಡು ಯವ್ವಾ. ಪಾತ್ರಿ ನಮ್ಮವು ಅದಾವು, ಕೈ ನಿಂದು. ನಾ ಉಣ್ತೇನಿ."

ಉಣ್ಣುತ್ತಾರೆಯೇ? ನನಗೆ ಧೈರ್ಯವಿರಲಿಲ್ಲ. ಅರವತ್ತು ವರ್ಷದ ನೇಮ ಒಂದು ಮಾತಿಗೆ ಸಡಿಲುತ್ತದೆಯೇ? ಅವರು ತಟ್ಟೆ ಸರಿಸಿದರೆ ಅಕ್ಕ ಮತ್ತೆ ಹಂಚಿನ ಮುಂದೆ ನಿಲ್ಲುತ್ತಾಳೆ, ಈ ಹೆಣ್ಣುಮಗಳು ಎಂದೂ ಮರೆಯದ ಅವಮಾನ ಹೊತ್ತು ಮನೆಗೆ ಹೋಗುತ್ತಾಳೆ. ನನಗೆ ಅಂದು ಸಮುದ್ರವೂ ಬೇಡವಾಗಿತ್ತು.

ಐದನೆಯ ದಿನ: ಒಂದು ತುತ್ತು

ಸರಸ್ಪತಿ ಎಂಟಕ್ಕೇ ಬಂದಳು. ಅತ್ತೆ ಕೇಳದಿದ್ದರೂ ತಾನು ಸ್ನಾನ ಮಾಡಿ ಬಂದದ್ದಾಗಿ ಹೇಳಿದಳು. ಅದನ್ನು ಕೇಳಿ ಅತ್ತೆಗೆ ಮತ್ತೆ ಸಂಕೋಚವಾಯಿತು. ಕಡಲೆಬೇಳೆಯಂಥ ಹಳದಿ ಬೇಳೆ ಬೇಯಿಸಿ, ಪುಡಿ ಮಾಡಿ, ಮೈದಾ ಕಣಕದಲ್ಲಿ ತುಂಬಿ ಲಟ್ಟಿಸಿದಳು. ಅದಕ್ಕೆ ಅಲ್ಲಿ ಧಾಲ್‌ಪುರಿ ಅನ್ನುತ್ತಾರೆ. ಜೋಡಿ ಜೋಡಿಯಾಗಿಯೇ ಕೊಡಬೇಕಂತೆ, ಒಂಟಿಯಾಗಿ ಕೊಡುವುದಿಲ್ಲ. ಜೊತೆಗೆ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ಗೊಜ್ಜು. ಅಕ್ಕ ಎರಡು ಸಲ ಎದ್ದು ಅಡುಗೆಮನೆ ಬಾಗಿಲ ತನಕ ಹೋದಳು. ಎರಡು ಸಲವೂ ಸರಸ್ಪತಿ ಸೌಟು ತೋರಿಸಿ ಹೊರಗೆ ಕಳಿಸಿದಳು.

ಅತ್ತೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. ತಟ್ಟೆಗೆ ಎರಡು ಪುರಿ ಬಿದ್ದವು. ಸರಸ್ಪತಿ ಸೆರಗಿಲ್ಲದ ಫ್ರಾಕಿನ ಅಂಚನ್ನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನಮ್ಮವರು ಮೊಬೈಲು ಕೆಳಗಿಟ್ಟರು. ಅತ್ತೆ ಪುರಿ ಮುರಿದು, ಒಳಗಿನ ಹಳದಿ ಹೂರಣ ನೋಡಿ, ಪಲ್ಯಕ್ಕೆ ಅದ್ದಿ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ನುಂಗಿದರು.

"ಯವ್ವಾ, ಇದು ಹೋಳಿಗಿ!" ಎಂದರು. "ಬೆಲ್ಲ ಹಾಕೂದು ಮರ್ತೀ ನೀ. ಇಷ್ಟು ಕಬ್ಬು ಬೆಳೀತೀರಿ, ಹೋಳಿಗಿಗೆ ಬೆಲ್ಲಿಲ್ಲೇನ?"

ಅದನ್ನು ನಾನು ಹಿಂದಿಗೆ ತಿರುಗಿಸಿ ಹೇಳುವ ಮೊದಲೇ ಅತ್ತೆ ಇನ್ನೊಂದು ಜೋಡಿಗೆ ತಟ್ಟೆ ಮುಂದೆ ಮಾಡಿದ್ದರು. ಸರಸ್ಪತಿ ಅತ್ತುಕೊಂಡೇ ನಕ್ಕಳು.

ಆಮೇಲೆ ಅವಳು ಅಕ್ಕನನ್ನು ಕೂರಿಸಿ ಬಡಿಸಿದಳು. ಹಂಚಿನಿಂದ ಇಳಿದದ್ದು ನೇರ ತಟ್ಟೆಗೆ. ಅಕ್ಕ ಯಾವಾಗಲೂ ಕೊನೆಗೆ, ಆರಿದ್ದನ್ನು ಉಣ್ಣುವವಳು. ಬಿಸಿ ತಡೆಯದೆ ಉಸಿರು ಊದಿಕೊಳ್ಳುತ್ತ, ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆರು ಮತ್ತು ಏಳು: ಗಾಳಿಮರದ ನೆರಳು

ಈ ಎರಡು ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅದೇ ಅವುಗಳ ಸುಖ. ಮೊಣಕಾಲುದ್ದದ ನೀರಿನಲ್ಲಿ ಅತ್ತೆ ಸೀರೆ ಎತ್ತಿ ಹಿಡಿದು ಅರ್ಧ ತಾಸು ನಿಂತರು. ಮುಸುರೆ ತಿಕ್ಕುವ ಸರದಿ ಭಾವ ಮತ್ತು ನಮ್ಮವರದು ಎಂದು ಅತ್ತೆಯೇ ಕಟ್ಟು ಮಾಡಿದರು. "ಆಕಿ ಅಡಗಿ ಮಾಡ್ತಾಳ, ನೀವೇನು ಅಳಿಯಂದ್ರೇನ?" ಭಾವ ಒಂದು ಗಾಜಿನ ಬಟ್ಟಲು ಒಡೆದರು.

ಅಕ್ಕ ದಂಡೆಯ ಗಾಳಿಮರದ ಕೆಳಗೆ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು. ಹಗಲಿನಲ್ಲಿ ಅವಳು ಮಲಗಿದ್ದನ್ನು ನಾನು ಬಾಣಂತನದ ಹೊರತು ನೋಡಿರಲಿಲ್ಲ. ಬಲಗೈ ಅಂಗೈ ಮೇಲಾಗಿ ಮರಳಿನ ಮೇಲೆ ಬಿದ್ದಿತ್ತು. ನಾನು ಬಾಜೂ ಕುಳಿತು ನೊಣ ಓಡಿಸಿದೆ.

ಅಡುಗೆಮನೆ ಇರುವ ಮನೆ ಹಿಡಿದು ರಜೆ ಕಳೆದರೆ ಆರಾಮ ಸಿಗುತ್ತದೆಯೇ ಎಂದು ಈಗ ಕಚೇರಿಯಲ್ಲಿ ಕೆಲವರು ನನ್ನ ಸಲಹೆ ಕೇಳುತ್ತಾರೆ. ಸಿಗುತ್ತದೆ ಎನ್ನುತ್ತೇನೆ, ಆದರೆ ಒಲೆಯ ಮುಂದೆ ಯಾರು ನಿಲ್ಲುವುದು ಎಂದು ಊರಲ್ಲೇ ಗೊತ್ತು ಮಾಡಿಕೊಂಡು ಹೋಗಿರಿ, ಕಾಗದದ ಎಲ್ಲ ಪುಟ ಓದಿರಿ. ಹೊರಡುವ ದಿನ ಸರಸ್ಪತಿ ನಮ್ಮ ಚೀಲ ಕಾರಿಗಿಡಲು ಬಂದಳು. ಅತ್ತೆ ಈ ಸಲ ಅವಳನ್ನು ತಡೆಯಲಿಲ್ಲ, ಒಂದು ಕಡೆ ತಾವೂ ಹಿಡಿದರು.

ಮತ್ತೆ ಹುಕ್ಕೇರಿ

ಮುಂಬೈ ಬಸ್ಸು ಬೆಳಗ್ಗೆ ಇಳಿಸಿತು. ಮನೆಯ ಕಟ್ಟೆಯ ಮೇಲೆ ಆಗಲೇ ಬಾಗೇವಾಡಿಯ ಇಬ್ಬರು ಕುಳಿತಿದ್ದರು, ಕಚೇರಿ ಕೆಲಸವಂತೆ. ಅಕ್ಕ ಚಪ್ಪಲಿ ಬಿಟ್ಟವಳೇ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು. ಮತ್ತೆ ಅದೇ ಕಥೆಯೇ?

"ಕಸ್ತೂರಿ, ನಿಲ್ಲು" ಎಂದರು ಅತ್ತೆ. ಭಾವನ ಕಡೆ ತಿರುಗಿ, "ಬಸ್ ಸ್ಟ್ಯಾಂಡ್ ಬಾಜೂ ಒಬ್ಬಾಕಿ ರೊಟ್ಟಿ ಬಡದು ಮಾರ್ತಾಳಲ್ಲ, ಇಪ್ಪತ್ತ ತೊಗೊಂಡ್ ಬಾ. ದಿನಾ ಬೇಕಂತ ಹೇಳಿ ಬಾ" ಎಂದರು.

ನಮ್ಮ ಮನೆಗೆ ಹೊರಗಿನ ರೊಟ್ಟಿ ಬಂದದ್ದಿಲ್ಲ. ಭಾವ ಚೀಲ ಹಿಡಿದು ಒಂದು ಗಳಿಗೆ ಹಾಗೇ ನಿಂತರು, ಆಮೇಲೆ ಹೋದರು. ರೊಟ್ಟಿ ಬಂತು. ಬಾಗೇವಾಡಿಯವರಿಗೆ ನಾನು ಬಡಿಸಿದೆ. ಅವರು ಏನನ್ನೂ ಗಮನಿಸದೆ ಉಂಡು ಎದ್ದರು. ಆಮೇಲೆ ಅಕ್ಕ ಕುಳಿತಳು. ಒಂದು ರೊಟ್ಟಿ ಮುರಿದು, ಅಂಚು ತಿರುಗಿಸಿ ತಿರುಗಿಸಿ ನೋಡಿದಳು.

"ಸ್ವಲ್ಪ ದಪ್ಪ ಆಗ್ಯಾವು" ಎಂದಳು.

"ಆಗ್ಲಿ ತಗೋ" ಎಂದರು ಅತ್ತೆ.

ಅಕ್ಕ ಒಲೆಯ ಕಡೆ ಒಮ್ಮೆ ನೋಡಿದಳು. ಏಳಲಿಲ್ಲ. "ಇನ್ನೊಂದ್ ಹಾಕು ತಂಗೀ" ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದಳು.